ಗಡಿಯಾಚೆಯ ದುಡಿಮೆ: ತೆರಿಗೆ ಒಂದೆಡೆ, ಹೊರೆ ಇನ್ನೊಂದೆಡೆ

ಫ್ರಾನ್ಸಿನ ಈಶಾನ್ಯ ಮೂಲೆಯ ತಿಯೋನ್‌ವಿಲ್ ಪಟ್ಟಣಕ್ಕೂ ಲಕ್ಸೆಂಬರ್ಗ್ ರಾಜಧಾನಿಗೂ ನಡುವಿನ ಅಂತರ ಸುಮಾರು 30 ಕಿಲೋಮೀಟರ್ ಮಾತ್ರ. ಕೆಲಸದ ದಿನಗಳಲ್ಲಿ ಬೆಳಗಾಗುತ್ತಿದ್ದಂತೆಯೇ ಈ ಮಾರ್ಗದ ರೈಲುಗಳು ತುಂಬಿಹೋಗುತ್ತವೆ. ಪಕ್ಕದ ಎ-31 ಹೆದ್ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ. ಆಸ್ಪತ್ರೆಯ ದಾದಿಯರು, ಬ್ಯಾಂಕು ಮತ್ತು ವಿಮಾ ಸಂಸ್ಥೆಗಳ ಗುಮಾಸ್ತರು, ಗಾರೆ ಕೆಲಸದವರು, ಲೆಕ್ಕಪರಿಶೋಧಕರು, ಅಂಗಡಿಗಳ ಮಾರಾಟ ಸಿಬ್ಬಂದಿ ಹೀಗೆ ಎಲ್ಲ ಬಗೆಯ ಜನರೂ ಅಲ್ಲಿದ್ದಾರೆ. ಇವರೆಲ್ಲ ಹೊರಟಿರುವುದು ಬೇರೊಂದು ರಾಷ್ಟ್ರದಲ್ಲಿ ದಿನದ ದುಡಿಮೆ ಮುಗಿಸಿ ಸಂಜೆ ಮನೆಗೆ ಮರಳುವುದಕ್ಕಾಗಿ. ಪಾಸ್‌ಪೋರ್ಟ್ ಕೇಳುವವರಿಲ್ಲ, ಸುಂಕದ ಕಟ್ಟೆಯಿಲ್ಲ. ದಾರಿಯಲ್ಲಿ ಗಡಿಯೊಂದು ಬಂದು ಹೋಯಿತೆಂಬುದಕ್ಕೆ ಹಾದಿ ಬದಿಯ ನೀಲಿ ಫಲಕವೇ ಸಾಕ್ಷಿ.

ಉಡುಪಿ ಜಿಲ್ಲೆಗಿಂತಲೂ ಚಿಕ್ಕದಾದ, 2,586 ಚದರ ಕಿಲೋಮೀಟರ್ ವಿಸ್ತೀರ್ಣದ ಲಕ್ಸೆಂಬರ್ಗಿನ ಜನಸಂಖ್ಯೆ 2025ರ ಆರಂಭದಲ್ಲಿ ಸುಮಾರು 6.8 ಲಕ್ಷ. ಈ ಪುಟ್ಟ ದೇಶಕ್ಕೆ ಫ್ರಾನ್ಸ್, ಜರ್ಮನಿ ಮತ್ತು ಬೆಲ್ಜಿಯಂಗಳಿಂದ ದಿನನಿತ್ಯ ದುಡಿಯಲು ಬರುವವರ ಸಂಖ್ಯೆ 2.25 ಲಕ್ಷವನ್ನು ಮೀರಿದೆ. ಅಲ್ಲಿನ ಸಂಬಳದ ಪ್ರತಿ ನೂರು ಉದ್ಯೋಗಗಳಲ್ಲಿ ಸುಮಾರು 47ನ್ನು ನಿರ್ವಹಿಸುತ್ತಿರುವವರು ಇವರೇ. ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಫ್ರಾನ್ಸಿನ ಲೊರೇನ್ ಪ್ರಾಂತ್ಯದ ನಿವಾಸಿಗಳು. ಒಂದು ಸ್ವತಂತ್ರ ರಾಷ್ಟ್ರದ ದುಡಿಮೆಯ ಬಹುತೇಕ ಅರ್ಧಭಾಗ ಪ್ರತಿದಿನ ಸಂಜೆ ವಿದೇಶಕ್ಕೆ ಹೊರಟುಹೋಗುವ ಇಂಥ ಉದಾಹರಣೆಗಳು ಯುರೋಪಿನಲ್ಲಿ ವಿರಳ. ಸ್ವಿಟ್ಜರ್ಲೆಂಡಿನಲ್ಲಿ ಹೀಗೆ ಗಡಿ ದಾಟಿ ಬಂದು ದುಡಿಯುವವರು ಒಟ್ಟು ಸುಮಾರು 4 ಲಕ್ಷವಿದ್ದರೂ ಆ ದೇಶದ ಗಾತ್ರ ದೊಡ್ಡದು. ಜಿನೀವಾ, ಬಾಸೆಲ್ ಮತ್ತು ಟಿಚಿನೋ ಪ್ರಾಂತ್ಯಗಳಲ್ಲಿ ಮಾತ್ರ ಅವರ ಒತ್ತಡ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ.

ಐರೋಪ್ಯ ಏಕೀಕರಣದ ಸಾಧನೆಗಳನ್ನು ಹೊಗಳುವ ಭಾಷಣಗಳಲ್ಲಿ ಈ ಗಡಿನಾಡುಗಳಿಗೆ ಸದಾ ಮೊದಲ ಸಾಲಿನ ಸ್ಥಾನ ದೊರೆಯುತ್ತದೆ. ಹೊಗಳಿಕೆ ಅನರ್ಹವೇನೂ ಅಲ್ಲ. ಆದರೆ ವ್ಯಾಪಾರಸ್ಥರಿಗೆ ಭಾಷಣಕ್ಕಿಂತ ಲೆಕ್ಕಪತ್ರ ಮುಖ್ಯ. ಲೆಕ್ಕಪತ್ರ ತೆರೆದು ನೋಡಿದಾಗ ಶ್ರಮಿಕರ ಸ್ವತಂತ್ರ ಸಂಚಾರ ಮತ್ತು ಪ್ರದೇಶಗಳ ನಡುವಣ ಸಹಕಾರ ಎಂಬುವು ಎರಡು ಬೇರೆ ಬೇರೆ ಸಂಗತಿಗಳೆಂದೂ, ಮೊದಲನೆಯದು ಬಹಳ ದೂರ ಸಾಗಿ ಬಂದಿದ್ದರೂ ಎರಡನೆಯದು ಅನೇಕ ಕಡೆ ಹಿಂದೆಯೇ ಉಳಿದಿದೆಯೆಂದೂ ತಿಳಿದುಬರುತ್ತದೆ.

ಕಲ್ಲಿದ್ದಲು ಮತ್ತು ಉಕ್ಕಿನ ನಂಟು

ಈ ಪ್ರದೇಶದ ನಂಟು ಹೊಸತಲ್ಲ. ಲೊರೇನಿನ ಕಬ್ಬಿಣದ ಅದಿರು, ಸಾರ್‌ಲ್ಯಾಂಡಿನ ಕಲ್ಲಿದ್ದಲು, ಲಕ್ಸೆಂಬರ್ಗಿನ ಊದುಕುಲುಮೆಗಳು ಒಂದನ್ನೊಂದು ಅವಲಂಬಿಸಿಯೇ ಬೆಳೆದವು. ಆ ಸಂಪತ್ತಿಗಾಗಿ ಯುದ್ಧಗಳೂ ನಡೆದವು. ಎರಡನೆಯ ಮಹಾಯುದ್ಧದ ನಂತರ 1951ರಲ್ಲಿ ಸಹಿಯಾದ ಐರೋಪ್ಯ ಕಲ್ಲಿದ್ದಲು ಮತ್ತು ಉಕ್ಕು ಸಮುದಾಯದ ಒಪ್ಪಂದದ 69ನೆಯ ವಿಧಿಯು ಈ ಎರಡು ಉದ್ಯಮಗಳ ನುರಿತ ಕಾರ್ಮಿಕರಿಗೆ ಸದಸ್ಯ ರಾಷ್ಟ್ರಗಳ ನಡುವೆ ಸಂಚಾರದ ಹಕ್ಕನ್ನು ನೀಡಿತು. ಆ ಸಮುದಾಯದ ಆಡಳಿತ ಕಚೇರಿ ನೆಲೆಗೊಂಡಿದ್ದು ಲಕ್ಸೆಂಬರ್ಗಿನಲ್ಲಿಯೇ. 1957ರ ರೋಮ್ ಒಪ್ಪಂದ ಈ ಹಕ್ಕನ್ನು ಎಲ್ಲ ಕಾರ್ಮಿಕರಿಗೂ ವಿಸ್ತರಿಸುವ ಭರವಸೆ ಕೊಟ್ಟಿತು. 1968ರ ನಿಯಮಾವಳಿ ಅದನ್ನು ಕಾರ್ಯರೂಪಕ್ಕೆ ತಂದಿತು. ಅಂದರೆ ವಾಹನಗಳ ತಪಾಸಣೆ ನಿಂತ ಶೆಂಗೆನ್ ಒಪ್ಪಂದಕ್ಕಿಂತ (1985) ಬಹು ಮೊದಲೇ ಕಾರ್ಮಿಕನಿಗೆ ದಾರಿ ತೆರೆದಿತ್ತು.

ಆದರೆ ಅಂದು ಕಾರ್ಮಿಕ ಎರಡೂ ದಿಕ್ಕಿನಲ್ಲಿ ಚಲಿಸುತ್ತಿದ್ದ. 1970ರ ದಶಕದ ಉಕ್ಕಿನ ಬಿಕ್ಕಟ್ಟು ಆ ಸಮತೋಲವನ್ನು ಮುರಿಯಿತು. 1978ರ ಕೊನೆಯಲ್ಲಿ ಲಾಂಗ್ವಿ ಪಟ್ಟಣದ ಉಕ್ಕಿನ ಕಾರ್ಖಾನೆಗಳಲ್ಲಿ ಸಾವಿರಾರು ಹುದ್ದೆಗಳ ಕಡಿತ ಪ್ರಕಟವಾದಾಗ ಜನ ಬೀದಿಗಿಳಿದರು. 1979ರ ಆ ಹೋರಾಟ ಫ್ರಾನ್ಸಿನ ಕಾರ್ಮಿಕ ಚರಿತ್ರೆಯಲ್ಲಿ ದಾಖಲಾಗಿದೆ. ಕುಲುಮೆಗಳು ಒಂದೊಂದಾಗಿ ಆರಿದವು. ಲಕ್ಸೆಂಬರ್ಗಿಗೂ ಅದೇ ಪೆಟ್ಟು ಬಿದ್ದಿತಾದರೂ ಆ ದೇಶ ಬ್ಯಾಂಕು ಮತ್ತು ಹೂಡಿಕೆ ನಿಧಿಗಳ ಕಡೆ ಹೊರಳಿಕೊಂಡಿತು. ಹೂಡಿಕೆ ನಿಧಿಗಳ ಐರೋಪ್ಯ ನಿರ್ದೇಶನವನ್ನು 1988ರಲ್ಲಿ ಎಲ್ಲರಿಗಿಂತ ಮೊದಲು ತನ್ನ ಕಾನೂನಿಗೆ ಅಳವಡಿಸಿಕೊಂಡದ್ದು ಲಕ್ಸೆಂಬರ್ಗ್. ಸ್ವಂತ ಕಾನೂನು ರಚಿಸಿಕೊಳ್ಳಬಲ್ಲ ಸಣ್ಣ ದೇಶಕ್ಕೆ ಇದು ಸಾಧ್ಯವಾಯಿತು. ಪ್ಯಾರಿಸ್ಸಿನ ಕಡೆ ಮುಖಮಾಡಿ ಕಾಯಬೇಕಿದ್ದ ಲೊರೇನಿಗೆ ಸಾಧ್ಯವಾಗಲಿಲ್ಲ. ಭಾರತೀಯ ಓದುಗರು ಬಲ್ಲ ಹೆಸರೊಂದು ಈ ಕಥೆಯಲ್ಲಿ ಬರುತ್ತದೆ: 2006ರಲ್ಲಿ ಆರ್ಸೆಲರ್ ಸಂಸ್ಥೆಯನ್ನು ಲಕ್ಷ್ಮಿ ಮಿತ್ತಲ್ ಅವರ ಕಂಪನಿ ತನ್ನದಾಗಿಸಿಕೊಂಡು ಆರ್ಸೆಲರ್‌ಮಿತ್ತಲ್ ರೂಪುಗೊಂಡಿತು, ಪ್ರಧಾನ ಕಚೇರಿ ಲಕ್ಸೆಂಬರ್ಗಿನಲ್ಲಿಯೇ ಉಳಿಯಿತು. ಲೊರೇನಿನ ಗಾಂದ್ರಾಂಜ್ ಉಕ್ಕಿನ ಘಟಕ 2009ರಲ್ಲಿ ಬಾಗಿಲು ಮುಚ್ಚಿತು.

ಕುಲುಮೆ ಆರಿದ ಊರಿನ ಮಕ್ಕಳು ನೆರೆಯ ದೇಶದ ಕಚೇರಿಗಳಲ್ಲಿ ಅನ್ನ ಕಂಡುಕೊಂಡರೆಂಬುದು ನಿಜ. ಇದು ಆಗದಿದ್ದರೆ ಲಾಂಗ್ವಿ, ವಿಲ್ರು, ತಿಯೋನ್‌ವಿಲ್‌ಗಳ ಸ್ಥಿತಿ ಇನ್ನೂ ಶೋಚನೀಯವಾಗುತ್ತಿತ್ತು. 2025ರ ಆರಂಭದಲ್ಲಿ ಲಕ್ಸೆಂಬರ್ಗಿನ ಕನಿಷ್ಠ ಮಾಸಿಕ ವೇತನ ಸುಮಾರು 2,638 ಯೂರೋ ಇದ್ದರೆ ಫ್ರಾನ್ಸಿನದು ಸುಮಾರು 1,802 ಯೂರೋ. ಇಷ್ಟು ಅಂತರವಿರುವಾಗ ಅರ್ಧ ಗಂಟೆಯ ಪ್ರಯಾಣಕ್ಕೆ ಯಾರನ್ನೂ ಒತ್ತಾಯಿಸಬೇಕಾಗಿಲ್ಲ. ನೀರು ತಗ್ಗಿಗೆ ಹರಿದಂತೆ ದುಡಿಮೆ ಸಂಬಳದ ಕಡೆಗೆ ಹರಿಯುತ್ತದೆ.

ಲೆಕ್ಕಪತ್ರದ ಇನ್ನೊಂದು ಪುಟ

ಈ ದಾದಿಯೋ ಗುಮಾಸ್ತನೋ ಹುಟ್ಟಿದ ಆಸ್ಪತ್ರೆ, ಕಲಿತ ಶಾಲೆ, ತರಬೇತಿ ಪಡೆದ ವಿದ್ಯಾಸಂಸ್ಥೆ ಇರುವುದು ಗಡಿಯ ಈಚೆ. ಅವರ ಮಕ್ಕಳ ಶಿಶುವಿಹಾರ, ಮನೆಯ ಮುಂದಿನ ರಸ್ತೆ, ಕಸ ಸಾಗಣೆ, ಅಗ್ನಿಶಾಮಕ ದಳ ಎಲ್ಲದರ ಖರ್ಚು ಈಚೆಯ ಪುರಸಭೆಯದು. ಆದರೆ ದುಡಿಮೆಯ ವರ್ಷಗಳಲ್ಲಿ ಅವರ ಸಂಬಳದ ಮೇಲಿನ ಆದಾಯ ತೆರಿಗೆ ಕಡಿತಗೊಳ್ಳುವುದು ಲಕ್ಸೆಂಬರ್ಗಿನಲ್ಲಿ. ಬಿತ್ತುವುದು ಒಬ್ಬರ ಹೊಲದಲ್ಲಿ, ರಾಶಿ ಮಾಡುವುದು ಇನ್ನೊಬ್ಬರ ಕಣದಲ್ಲಿ ಎಂಬಂತಾಗಿದೆ. ಉದ್ಯೋಗದಾತ ಸಂಸ್ಥೆಗಳೆಲ್ಲ ಆಚೆ ಇರುವುದರಿಂದ ಉದ್ದಿಮೆಗಳಿಂದ ಬರಬೇಕಾದ ಸ್ಥಳೀಯ ತೆರಿಗೆಯೂ ಈಚೆಯ ಊರುಗಳಿಗೆ ದಕ್ಕುವುದಿಲ್ಲ. ನಿವಾಸಿಗಳ ಸಂಖ್ಯೆ ಏರುತ್ತ, ಮನೆಗಳ ಬೆಲೆ ಏರುತ್ತ, ವರಮಾನ ಮಾತ್ರ ನಿಂತಲ್ಲೇ ನಿಂತಿರುವ ಇಂಥ ಪಟ್ಟಣಗಳನ್ನು ‘ಮಲಗುವ ಊರು’ಗಳೆಂದು ಕರೆಯುವುದುಂಟು.

ಇದೇ ಸಮಸ್ಯೆಯನ್ನು ಇತರ ಗಡಿಗಳು ಹೇಗೆ ನಿಭಾಯಿಸಿವೆಯೆಂಬುದು ಗಮನಾರ್ಹ. ಜಿನೀವಾ ಪ್ರಾಂತ್ಯವು ಫ್ರಾನ್ಸಿನಿಂದ ಬರುವ ನೌಕರರ ತೆರಿಗೆಯನ್ನು ತಾನೇ ವಸೂಲು ಮಾಡುತ್ತದೆ. ಆದರೆ 1973ರ ಒಪ್ಪಂದದ ಪ್ರಕಾರ ಆ ನೌಕರರ ಒಟ್ಟು ಸಂಬಳ ಮೊತ್ತದ ಶೇ. 3.5ರಷ್ಟನ್ನು ಪ್ರತಿವರ್ಷ ನೆರೆಯ ಐನ್ ಮತ್ತು ಓತ್-ಸಾವ್ವಾ ಜಿಲ್ಲೆಗಳಿಗೆ ಹಿಂದಿರುಗಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಈ ಮೊತ್ತ 30 ಕೋಟಿ ಸ್ವಿಸ್ ಫ್ರಾಂಕುಗಳನ್ನು ಮೀರಿದೆ. ಬಾಸೆಲ್ ಸೇರಿದಂತೆ ಎಂಟು ಸ್ವಿಸ್ ಪ್ರಾಂತ್ಯಗಳ ವಿಷಯದಲ್ಲಿ 1983ರ ಒಪ್ಪಂದ ಇದಕ್ಕೆ ತಿರುವುಮುರುವು: ನೌಕರ ತೆರಿಗೆ ಕಟ್ಟುವುದು ತಾನು ವಾಸಿಸುವ ಫ್ರಾನ್ಸಿಗೆ, ಫ್ರಾನ್ಸ್ ಸರ್ಕಾರ ಸಂಬಳ ಮೊತ್ತದ ಶೇ. 4.5ರಷ್ಟನ್ನು ಸ್ವಿಟ್ಜರ್ಲೆಂಡಿಗೆ ಪಾವತಿಸುತ್ತದೆ. ಜರ್ಮನಿಯ ನಿವಾಸಿಯಾದರೆ ಸ್ವಿಟ್ಜರ್ಲೆಂಡ್ ಗರಿಷ್ಠ ಶೇ. 4.5ರಷ್ಟನ್ನು ಮೂಲದಲ್ಲಿಯೇ ಹಿಡಿದುಕೊಳ್ಳುತ್ತದೆ, ಉಳಿದ ತೆರಿಗೆ ಜರ್ಮನಿಯ ಪಾಲು. ಸೂತ್ರ ಯಾವುದೇ ಇರಲಿ, ಎರಡೂ ಕಡೆಗೆ ಪಾಲಿದೆ ಎಂಬ ತತ್ವ ಈ ಮೂರರಲ್ಲಿಯೂ ಸಮಾನ.

ಜಿನೀವಾದ ಈ ಹಣದಿಂದ ಏನಾಯಿತೆಂಬುದಕ್ಕೆ ಒಂದು ನಿದರ್ಶನವಿದೆ. ಜಿನೀವಾದ ಕೊರ್ನಾವಾಂ ನಿಲ್ದಾಣದಿಂದ ಫ್ರಾನ್ಸಿನ ಅನ್ಮಾಸ್ ಪಟ್ಟಣಕ್ಕೆ ರೈಲು ಸಂಪರ್ಕ ಕಲ್ಪಿಸುವ ಒಪ್ಪಂದ ಆಗಿದ್ದು 1912ರಲ್ಲಿ. ಶತಮಾನ ಕಳೆದರೂ ಕೇವಲ 16 ಕಿಲೋಮೀಟರ್ ಮಾರ್ಗ ಪೂರ್ಣವಾಗಿರಲಿಲ್ಲ. ಕೊನೆಗೆ 2019ರ ಡಿಸೆಂಬರ್ 15ರಂದು ಸುಮಾರು 230 ಕಿಲೋಮೀಟರ್ ಜಾಲದ ‘ಲೆಮಾನ್ ಎಕ್ಸ್‌ಪ್ರೆಸ್’ ಸಂಚಾರ ಆರಂಭಿಸಿತು. ಫ್ರಾನ್ಸ್ ಕಡೆಯ ವೆಚ್ಚದ ಒಂದು ಭಾಗ ಬಂದದ್ದು ಈ ಪರಿಹಾರ ನಿಧಿಯಿಂದಲೇ. ರೈಲ್ವೆ ಯೋಜನೆಗಳು ತಡವಾಗುವುದು ಭಾರತದಲ್ಲಿ ಮಾತ್ರ ಎಂದು ನಂಬಿರುವವರು 107 ವರ್ಷಗಳ ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಬಹುದು.

ಲಕ್ಸೆಂಬರ್ಗ್ ಮತ್ತು ಫ್ರಾನ್ಸ್ ನಡುವೆ ಮಾತ್ರ ಇಂಥ ಸೂತ್ರವಿಲ್ಲ. ಬೆಲ್ಜಿಯಂನ ಗಡಿ ಪುರಸಭೆಗಳಿಗೆ ಲಕ್ಸೆಂಬರ್ಗ್ ವರ್ಷಂಪ್ರತಿ ಒಂದು ಮೊತ್ತ ನೀಡುತ್ತದೆ; 1921ರಷ್ಟು ಹಳೆಯದಾದ ಆರ್ಥಿಕ ಒಕ್ಕೂಟದ ಬಾಂಧವ್ಯ ಅದರ ಹಿಂದಿದೆ. ಮೆಟ್ಜ್ ನಗರದ ಚುನಾಯಿತ ಪ್ರತಿನಿಧಿಗಳು ತಮಗೂ ಅದೇ ನ್ಯಾಯ ಬೇಕೆಂದು ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಯುರೋಪ್ ಪರಿಷತ್ತಿನ ಸ್ಥಳೀಯ ಮತ್ತು ಪ್ರಾದೇಶಿಕ ಸಂಸ್ಥೆಗಳ ಮಹಾಸಭೆಯೂ 2019ರಲ್ಲಿ ಗಡಿ ಪ್ರದೇಶಗಳಲ್ಲಿ ತೆರಿಗೆಯ ನ್ಯಾಯೋಚಿತ ಹಂಚಿಕೆಯ ಪರವಾಗಿ ನಿಲುವು ತಳೆಯಿತು. ಲಕ್ಸೆಂಬರ್ಗಿನ ಉತ್ತರ ಬೇರೆ: ನಗದು ವರ್ಗಾವಣೆ ಬೇಡ, ಎರಡೂ ಕಡೆಗೆ ಉಪಯೋಗವಾಗುವ ಯೋಜನೆಗಳಿಗೆ ಜೊತೆಯಾಗಿ ಹಣ ಹೂಡೋಣ. ಈ ಧೋರಣೆಯಂತೆ 2018ರಲ್ಲಿ ಮೆಟ್ಜ್–ಲಕ್ಸೆಂಬರ್ಗ್ ರೈಲುಮಾರ್ಗದ ಸುಧಾರಣೆಗೆ ಫ್ರಾನ್ಸ್ ನೆಲದಲ್ಲಿಯೇ 11 ಕೋಟಿ ಯೂರೋ ನೀಡಲು ಅದು ಒಪ್ಪಿತು.

ಲಕ್ಸೆಂಬರ್ಗಿನ ವಾದವನ್ನು ಸಾರಾಸಗಟಾಗಿ ತಳ್ಳಿಹಾಕುವುದು ಸರಿಯಲ್ಲ. ಈ ನೌಕರರ ನಿವೃತ್ತಿ ವೇತನವನ್ನು ಮುಂದೆ ಕೊಡಬೇಕಾದದ್ದು ಅದೇ ದೇಶ. ಮಕ್ಕಳ ಭತ್ಯೆಯನ್ನೂ ಅದು ನೀಡುತ್ತದೆ. ಅವರು ಮನೆಗೆ ಕೊಂಡೊಯ್ಯುವ ಸಂಬಳ ಖರ್ಚಾಗುವುದು ಲೊರೇನಿನ ಅಂಗಡಿಗಳಲ್ಲಿ, ಮನೆ ನಿರ್ಮಾಣದಲ್ಲಿ. ಆದರೆ ಯೋಜನೆಯಿಂದ ಯೋಜನೆಗೆ ಕೈಯೆತ್ತಿ ಕೊಡುವ ನೆರವಿಗೂ ನಿಯಮಬದ್ಧ ಪಾಲಿಗೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಯಾವ ರಸ್ತೆ, ಯಾವ ರೈಲು, ಯಾವ ವರ್ಷ ಎಂಬುದನ್ನು ತೀರ್ಮಾನಿಸುವುದು ಕೊಡುವವನ ಕೈ. ರೈಲು ಸುಧಾರಿಸಿದರೆ ಉದ್ಯೋಗದಾತನಿಗೆ ಸಿಬ್ಬಂದಿ ವೇಳೆಗೆ ಸರಿಯಾಗಿ ಬರುತ್ತಾರೆ. ಶಿಶುವಿಹಾರಕ್ಕೂ ಶುಶ್ರೂಷಾ ಶಾಲೆಗೂ ಹಣ ಬರುವುದಿಲ್ಲ. ಲಕ್ಸೆಂಬರ್ಗ್ 2020ರ ಫೆಬ್ರವರಿ 29ರಿಂದ ಇಡೀ ದೇಶದಲ್ಲಿ ಸಾರ್ವಜನಿಕ ಸಾರಿಗೆಯನ್ನು ಉಚಿತಗೊಳಿಸಿ ಜಗತ್ತಿನ ಗಮನ ಸೆಳೆಯಿತು. ತಿಯೋನ್‌ವಿಲ್‌ನಲ್ಲಿ ರೈಲು ಹತ್ತುವ ನೌಕರ ಗಡಿಯವರೆಗಿನ ಟಿಕೆಟನ್ನು ಎಂದಿನಂತೆ ಕೊಳ್ಳಬೇಕು. ಉಚಿತ ಪ್ರಯಾಣ ಶುರುವಾಗುವುದು ಅಲ್ಲಿಂದಾಚೆಗೆ.

ಹಕ್ಕಿನ ವಿಷಯದಲ್ಲಿಯೂ ಎಳೆದಾಟ ನಡೆದಿದೆ. 2010ರಲ್ಲಿ ಲಕ್ಸೆಂಬರ್ಗ್ ಉನ್ನತ ವ್ಯಾಸಂಗದ ಸಹಾಯಧನವನ್ನು ತನ್ನ ನಿವಾಸಿಗಳಿಗಷ್ಟೇ ಸೀಮಿತಗೊಳಿಸಿದಾಗ ಗಡಿಯಾಚೆಯ ನೌಕರರ ಮಕ್ಕಳು ಹೊರಗುಳಿದರು. ಐರೋಪ್ಯ ನ್ಯಾಯಾಲಯ 2013ರ ಜೂನ್ 20ರಂದು ನೀಡಿದ ತೀರ್ಪು ಆ ನಿರ್ಬಂಧವನ್ನು ಒಪ್ಪಲಿಲ್ಲ. ಆ ಬಳಿಕ ಕಾನೂನು ತಿದ್ದುಪಡಿಯಾಯಿತು. ಹೀಗೆ ಕೋರ್ಟು ಹತ್ತಿ ಪಡೆದ ಹಕ್ಕುಗಳ ಸಾಲಿನಲ್ಲಿಯೇ ಇನ್ನೊಂದು ಮುಖ್ಯ ಹಕ್ಕೂ ಇದೆ: ಅಲ್ಲಿನ ನೌಕರರ ಮಂಡಳಿಯ ಚುನಾವಣೆಯಲ್ಲಿ ಗಡಿ ದಾಟಿ ಬರುವವರಿಗೂ ಮತದಾನದ ಹಕ್ಕಿದೆ. ಸಂಸತ್ತಿನಲ್ಲಿ ಮತವಿಲ್ಲದ ಇವರ ದನಿ ಮಸೂದೆಗಳ ಮೇಲೆ ಅಭಿಪ್ರಾಯ ನೀಡುವ ಆ ಮಂಡಳಿಯಲ್ಲಾದರೂ ಕೇಳಿಬರುತ್ತದೆ.

ಕೆಲಸ ಹೋದಾಗ ಯಾರು ಹೊಣೆ?

ಸಾಮಾಜಿಕ ಭದ್ರತೆಯ ಐರೋಪ್ಯ ನಿಯಮಾವಳಿಯ ಪ್ರಕಾರ (2004ರ 883ನೆಯ ನಿಯಮಾವಳಿ, 2010ರ ಮೇ 1ರಿಂದ ಜಾರಿ) ನೌಕರ ತನ್ನ ವಿಮಾ ವಂತಿಗೆಯನ್ನು ದುಡಿಯುವ ದೇಶದಲ್ಲಿ ಕಟ್ಟುತ್ತಾನೆ. ಆದರೆ ಪೂರ್ಣ ನಿರುದ್ಯೋಗಿಯಾದಾಗ ಭತ್ಯೆ ಕೊಡಬೇಕಾದದ್ದು ವಾಸಿಸುವ ದೇಶ. ದುಡಿಸಿಕೊಂಡ ದೇಶ ಕೆಲವು ತಿಂಗಳ ಮೊತ್ತವನ್ನಷ್ಟೇ ಮರುಪಾವತಿ ಮಾಡುತ್ತದೆ. ಸ್ವಿಟ್ಜರ್ಲೆಂಡ್ ಮತ್ತು ಲಕ್ಸೆಂಬರ್ಗಿನ ಎತ್ತರದ ಸಂಬಳದ ಆಧಾರದಲ್ಲಿ ಭತ್ಯೆ ನಿಗದಿಯಾಗುವುದರಿಂದ ಫ್ರಾನ್ಸಿನ ನಿರುದ್ಯೋಗ ವಿಮಾ ಸಂಸ್ಥೆ ಇದರಿಂದ ತನಗೆ ವರ್ಷಕ್ಕೆ ಸುಮಾರು 80 ಕೋಟಿ ಯೂರೋ ಹೆಚ್ಚುವರಿ ಹೊರೆಯಾಗುತ್ತಿದೆಯೆಂದು 2023ರ ಲೆಕ್ಕ ತೋರಿಸಿ ಹೇಳಿಕೊಂಡಿದೆ. ವಂತಿಗೆ ಪಡೆದವರೇ ಭತ್ಯೆ ಕೊಡಲಿ ಎಂಬ ಸರಳ ತತ್ವವನ್ನು ಐರೋಪ್ಯ ಆಯೋಗ 2016ರಲ್ಲಿಯೇ ಮಂಡಿಸಿತ್ತು. 2019ರಲ್ಲೊಮ್ಮೆ, 2021ರಲ್ಲೊಮ್ಮೆ ಕೈಗೂಡುವ ಹಂತಕ್ಕೆ ಬಂದಿದ್ದ ಒಡಂಬಡಿಕೆ ಸದಸ್ಯ ರಾಷ್ಟ್ರಗಳ ಬೆಂಬಲವಿಲ್ಲದೆ ಬಿದ್ದುಹೋಯಿತು.

ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ಬಂದ ಮೇಲೆ ಗೊಂದಲ ಇನ್ನಷ್ಟು ಹೆಚ್ಚಿತು. ನೌಕರ ತನ್ನ ಕೆಲಸದ ಶೇ. 25 ಅಥವಾ ಅದಕ್ಕಿಂತ ಹೆಚ್ಚಿನ ಭಾಗವನ್ನು ಮನೆಯಲ್ಲಿ ಮಾಡಿದರೆ ಅವನ ಇಡೀ ಸಾಮಾಜಿಕ ವಿಮೆ ವಾಸಸ್ಥಳದ ದೇಶಕ್ಕೆ ವರ್ಗವಾಗಬೇಕಿತ್ತು. 2023ರ ಜುಲೈ 1ರಿಂದ ಜಾರಿಗೆ ಬಂದ ಚೌಕಟ್ಟಿನ ಒಪ್ಪಂದಕ್ಕೆ ಸಹಿ ಹಾಕಿದ ರಾಷ್ಟ್ರಗಳ ನಡುವೆ ಈ ಮಿತಿ ಶೇ. 50ರ ಒಳಗಿನವರೆಗೆ ಸಡಿಲಗೊಂಡಿದೆ. ಆದಾಯ ತೆರಿಗೆಗೆ ಮಾತ್ರ ಬೇರೆಯೇ ಅಳತೆಗೋಲು: ಲಕ್ಸೆಂಬರ್ಗಿನ ಸಂಸ್ಥೆಗೆ ದುಡಿಯುವವರು ವರ್ಷಕ್ಕೆ 34 ದಿನ ಮಾತ್ರ ತಮ್ಮ ದೇಶದಲ್ಲಿ ಕುಳಿತು ಕೆಲಸ ಮಾಡಬಹುದು. 35ನೆಯ ದಿನ ಬಂತೆಂದರೆ ಮನೆಯಲ್ಲಿ ದುಡಿದ ದಿನಗಳ ಸಂಬಳಕ್ಕೆ ಸ್ವದೇಶದಲ್ಲಿ ತೆರಿಗೆ. ಬೆಲ್ಜಿಯಂಗೆ 24, ಜರ್ಮನಿಗೆ 19, ಫ್ರಾನ್ಸಿಗೆ 29 ಎಂದು ಬೇರೆ ಬೇರೆಯಾಗಿದ್ದ ದಿನಗಳು 2024ರ ಹೊತ್ತಿಗೆ ಮೂರೂ ದೇಶಗಳಿಗೆ ಒಂದೇ ಸಮನಾದದ್ದೇ ಸಂಸ್ಥೆಗಳ ಸಿಬ್ಬಂದಿ ವಿಭಾಗಗಳಿಗೆ ಸಿಕ್ಕ ಅಲ್ಪ ಸಮಾಧಾನ. ವಿಮೆಗೆ ಒಂದು ಮಿತಿ, ತೆರಿಗೆಗೆ ಇನ್ನೊಂದು ಮಿತಿ ಇಟ್ಟುಕೊಂಡು ದಿನದಿನದ ಹಾಜರಿ ಎಣಿಸುವ ಈ ವ್ಯವಸ್ಥೆಯಿಂದ ಬದುಕುತ್ತಿರುವವರು ತೆರಿಗೆ ಸಲಹೆಗಾರರಷ್ಟೇ.

ಬಾಸೆಲ್‌ನ ಹಾದಿ

ಮೇಲಣ ರೈನ್ ಕಣಿವೆಯ ಚಿತ್ರ ಸ್ವಲ್ಪ ಭಿನ್ನ. ಸ್ವಿಟ್ಜರ್ಲೆಂಡಿನ ಬಾಸೆಲ್, ಫ್ರಾನ್ಸಿನ ಆಲ್ಸಾಸ್, ಜರ್ಮನಿಯ ಬಾಡೆನ್ ಕೂಡುವ ಈ ಪ್ರದೇಶದಲ್ಲಿ ಸುಮಾರು 60 ಲಕ್ಷ ಜನರಿದ್ದಾರೆ. ಇಲ್ಲಿ ಸಹಕಾರದ ಉಪಕ್ರಮ ಸರ್ಕಾರಗಳಿಗಿಂತ ಮೊದಲು ನಾಗರಿಕರು ಮತ್ತು ಉದ್ಯಮಿಗಳಿಂದ ಬಂದಿತು. 1963ರಲ್ಲಿ ಬಾಸೆಲ್‌ನಲ್ಲಿ ಹುಟ್ಟಿದ ‘ರೆಗಿಯೊ ಬಾಸಿಲಿಯೆನ್ಸಿಸ್’ ಸಂಘ ಮೂರು ದೇಶಗಳ ಪ್ರದೇಶವನ್ನು ಒಂದೇ ಘಟಕವಾಗಿ ಯೋಜಿಸಬೇಕೆಂದು ವಾದಿಸಿತು. ಅದಕ್ಕೂ ಮೊದಲೇ 1949ರ ಒಪ್ಪಂದದ ಮೇರೆಗೆ ಬಾಸೆಲ್–ಮುಲೂಸ್ ವಿಮಾನ ನಿಲ್ದಾಣ ನೆಲೆಗೊಂಡಿತ್ತು. ನಿಲ್ದಾಣ ಇರುವುದು ಪೂರ್ತಿಯಾಗಿ ಫ್ರಾನ್ಸ್ ನೆಲದಲ್ಲಿ, ನಡೆಸುವುದು ಎರಡು ದೇಶಗಳು ಸೇರಿ. ಬಾಸೆಲ್‌ನಿಂದ ಅಲ್ಲಿಗೆ ಸುಂಕದ ಬೇಲಿಯ ನಡುವೆ ಹಾಯುವ ಪ್ರತ್ಯೇಕ ರಸ್ತೆಯಿದೆ. ಬಾಸೆಲ್‌ನ 8ನೆಯ ಸಂಖ್ಯೆಯ ಟ್ರಾಮ್ 2014ರಿಂದ ಜರ್ಮನಿಯ ವೈಲ್ ಆಮ್ ರೈನ್‌ಗೆ, 3ನೆಯ ಸಂಖ್ಯೆಯದು 2017ರಿಂದ ಫ್ರಾನ್ಸಿನ ಸಾಂ ಲೂಯಿಗೆ ಓಡುತ್ತಿದೆ. 2007ರಲ್ಲಿ ವೈಲ್ ಮತ್ತು ಉನಾಂಗ್ ನಡುವೆ ರೈನ್ ನದಿಗೆ ಪಾದಚಾರಿಗಳಿಗಾಗಿಯೇ 248 ಮೀಟರ್ ಉದ್ದದ ಸೇತುವೆ ಕಟ್ಟಲಾಯಿತು.

ಇಷ್ಟೆಲ್ಲ ಇದ್ದರೂ ಈ ಕಣಿವೆಯಲ್ಲಿ ಕುಂದುತ್ತಿರುವ ಒಂದು ಸಂಪತ್ತಿದೆ, ಅದು ಭಾಷೆ. ಆಲ್ಸಾಸಿನ ಹಳೆಯ ತಲೆಮಾರು ಮನೆಯಲ್ಲಿ ಆಡುತ್ತಿದ್ದ ಆಲ್ಸೇಷಿಯನ್ ಜರ್ಮನ್ ಭಾಷೆಯದೇ ಒಂದು ಉಪಭಾಷೆ. ಆ ತಲೆಮಾರಿನ ಕಾರ್ಮಿಕ ಬಾಡೆನ್‌ನ ಕಾರ್ಖಾನೆಗೆ ಯಾವ ತೊಡಕೂ ಇಲ್ಲದೆ ಸೇರಬಲ್ಲವನಾಗಿದ್ದ. ಫ್ರೆಂಚ್ ಮಾತ್ರ ಬಲ್ಲ ಮೊಮ್ಮಗನಿಗೆ ನದಿಯ ಆಚೆ ದಡ ವಿದೇಶವೇ ಸರಿ. ಬಾಡೆನ್‌ನ ಉದ್ದಿಮೆಗಳು ತರಬೇತಿಗೆ ಹುಡುಗರಿಲ್ಲವೆಂದು ಹೇಳುತ್ತಿರುವಾಗಲೇ ಆಲ್ಸಾಸಿನ ಯುವಕರು ಕೆಲಸ ಹುಡುಕುವ ವಿಚಿತ್ರ ಸ್ಥಿತಿ ಇದರಿಂದ ಉಂಟಾಗಿದೆ. ಸೇತುವೆ ಕಟ್ಟಲು ಎರಡು ವರ್ಷ ಸಾಕು, ಕಳೆದುಹೋದ ಭಾಷೆಯನ್ನು ಮರಳಿ ಮನೆಗೆ ತರುವುದು ಯಾವ ಅಂದಾಜುಪಟ್ಟಿಗೂ ಸಿಗುವ ಕೆಲಸವಲ್ಲ. 2013ರಲ್ಲಿ ಈ ಕಣಿವೆಯ ವಾಣಿಜ್ಯ ಮಂಡಳಿಗಳೂ ಆಡಳಿತಗಳೂ ಸೇರಿ ಗಡಿ ದಾಟಿದ ಉದ್ಯೋಗ ತರಬೇತಿಗೆ ಒಡಂಬಡಿಕೆ ಮಾಡಿಕೊಂಡವು: ಪಾಠ ತನ್ನ ದೇಶದ ಶಾಲೆಯಲ್ಲಿ, ಕೈಕೆಲಸ ಆಚೆಯ ಕಾರ್ಖಾನೆಯಲ್ಲಿ. ನಂತರ ಫ್ರಾನ್ಸಿನ ಕಾನೂನು ಬದಲಾವಣೆಗಳಿಂದಾಗಿ ಅದು ಕುಂಟಿತು. 2023ರ ಜುಲೈ 21ರಂದು ಲೊಟೆರ್‌ಬೂರಿನಲ್ಲಿ ಎರಡೂ ಸರ್ಕಾರಗಳು ಸಹಿ ಹಾಕಿದ ಹೊಸ ಒಪ್ಪಂದ ಅದಕ್ಕೆ ಮತ್ತೆ ಕಾನೂನಿನ ನೆಲೆ ಒದಗಿಸಿದೆ. ಹತ್ತು ವರ್ಷದ ಹಿಂದೆ ತರಬೇತಿಗೆ ಸೇರಬಹುದಾಗಿದ್ದ ಹುಡುಗ ಈಗ ಮೂವತ್ತರ ಹತ್ತಿರ ಬಂದಿದ್ದಾನೆ.

ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದ ಸದಸ್ಯನಲ್ಲ. 2002ರಿಂದ ಜಾರಿಯಲ್ಲಿರುವ ಸ್ವತಂತ್ರ ಸಂಚಾರದ ಒಪ್ಪಂದವೇ ಅಲ್ಲಿನ ವ್ಯವಸ್ಥೆಯ ಬುನಾದಿ. ಮತದಾರರು 2014ರ ಫೆಬ್ರವರಿಯಲ್ಲಿ ಶೇ. 50.3ರ ಅತ್ಯಲ್ಪ ಬಹುಮತದಿಂದ ವಲಸೆಗೆ ಮಿತಿ ಬೇಕೆಂದರು. 2020ರ ಸೆಪ್ಟೆಂಬರಿನಲ್ಲಿ ಆ ಒಪ್ಪಂದವನ್ನೇ ಕೊನೆಗಾಣಿಸುವ ಪ್ರಸ್ತಾವವನ್ನು ಸುಮಾರು ಶೇ. 62ರಷ್ಟು ಮತದಾರರು ತಿರಸ್ಕರಿಸಿದರು. ಇಟಲಿಯ ನೌಕರರು ಹೆಚ್ಚಾಗಿರುವ ಟಿಚಿನೋದಲ್ಲಿ ಅಸಮಾಧಾನ ಆರಿಲ್ಲ, ಅಲ್ಲಿ ಸ್ಥಳೀಯರ ಸಂಬಳ ಕುಗ್ಗುತ್ತಿದೆಯೆಂಬ ದೂರು ಹಳೆಯದು.

2020ರ ಮಾರ್ಚ್

ಈ ವ್ಯವಸ್ಥೆ ಎಷ್ಟು ನಾಜೂಕು ಎಂಬುದು ಕೋವಿಡ್ ಕಾಲದಲ್ಲಿ ಬಯಲಾಯಿತು. 2020ರ ಮಾರ್ಚ್ 16ರಂದು ಜರ್ಮನಿ ತನ್ನ ನೆರೆಯ ಹಲವು ಗಡಿಗಳಲ್ಲಿ ತಪಾಸಣೆ ಆರಂಭಿಸಿತು. ಸಣ್ಣ ರಸ್ತೆಗಳಿಗೆ ಅಡ್ಡಗಟ್ಟೆ ಬಿದ್ದವು. ಜರ್ಮನಿಯ ಕಾನ್‌ಸ್ಟಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ಕ್ರಾಯ್ಟ್ಸ್‌ಲಿಂಗೆನ್ ನಡುವೆ ಬೇಲಿ ಎದ್ದಿತು. ಕುಟುಂಬದವರು ಬೇಲಿಯ ಎರಡೂ ಕಡೆ ನಿಂತು ಕೈ ಹಿಡಿದು ಮಾತನಾಡತೊಡಗಿದಾಗ, ಸೋಂಕಿನ ಭಯದಿಂದ ಅದರ ಪಕ್ಕಕ್ಕೆ ಅಂತರ ಬಿಟ್ಟು ಎರಡನೆಯ ಬೇಲಿ ಹಾಕಲಾಯಿತು. ಲಕ್ಸೆಂಬರ್ಗಿಗೆ ಅಂದು ಎದುರಾದದ್ದು ಅಸ್ತಿತ್ವದ ಪ್ರಶ್ನೆ. ತನ್ನ ಆಸ್ಪತ್ರೆಗಳ ಸಿಬ್ಬಂದಿಯ ದೊಡ್ಡ ಪಾಲು ಗಡಿಯಾಚೆಯ ನಿವಾಸಿಗಳು. ಫ್ರಾನ್ಸ್ ತನ್ನ ದಾದಿಯರನ್ನು ತನ್ನ ಆಸ್ಪತ್ರೆಗಳಿಗೇ ಕರೆಸಿಕೊಂಡಿದ್ದರೆ ಏನಾಗುತ್ತಿತ್ತು? ಸರ್ಕಾರ ಆ ಸಿಬ್ಬಂದಿಗೂ ಅವರ ಕುಟುಂಬಗಳಿಗೂ ಹೋಟೆಲು ಕೊಠಡಿಗಳನ್ನು ಕಾದಿರಿಸಿತು. ಫ್ರಾನ್ಸ್ ಕರೆಸಿಕೊಳ್ಳಲಿಲ್ಲ. ಆಲ್ಸಾಸಿನ ಆಸ್ಪತ್ರೆಗಳು ತುಂಬಿ ತುಳುಕಿದಾಗ ಜರ್ಮನಿ, ಸ್ವಿಟ್ಜರ್ಲೆಂಡ್ ಮತ್ತು ಲಕ್ಸೆಂಬರ್ಗಿನ ಆಸ್ಪತ್ರೆಗಳು ಅಲ್ಲಿನ ರೋಗಿಗಳನ್ನು ಬರಮಾಡಿಕೊಂಡದ್ದೂ ಅದೇ ತಿಂಗಳಲ್ಲಿ.

ಇದೇ ವಾರಗಳಲ್ಲಿ ಕರ್ನಾಟಕದ ತಲಪಾಡಿಯಲ್ಲಿಯೂ ರಸ್ತೆ ಮುಚ್ಚಿತ್ತು. ಒಂದೇ ದೇಶದ ಎರಡು ರಾಜ್ಯಗಳ ನಡುವೆ, ಚಿಕಿತ್ಸೆಗೆ ಮಂಗಳೂರನ್ನೇ ನೆಚ್ಚಿದ್ದ ಕಾಸರಗೋಡಿನ ರೋಗಿಗಳು ಈಚೆ ಬರಲಾರದಾದರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ, 2020ರ ಏಪ್ರಿಲ್ ಮೊದಲ ವಾರದಲ್ಲಿ ತುರ್ತು ರೋಗಿಗಳ ಸಾಗಣೆಗೆ ಕ್ರಮವೊಂದು ನಿಗದಿಯಾಯಿತು. ಕರಾವಳಿಯ ಓದುಗರಿಗೆ ಕಾನ್‌ಸ್ಟಾನ್ಸ್‌ನ ಬೇಲಿ ದೂರದ ಸಂಗತಿಯೆನಿಸಲಾರದು.

ಬೇಲಿಗಳು ಮೇ ತಿಂಗಳಲ್ಲಿ ಬಿದ್ದವು. ಆದರೆ ಒಮ್ಮೆ ರೂಢಿಯಾದ ಅಸ್ತ್ರವನ್ನು ಸರ್ಕಾರಗಳು ಸುಲಭವಾಗಿ ಕೆಳಗಿಡುವುದಿಲ್ಲ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ಅಕ್ರಮ ವಲಸೆ ತಡೆಯ ಹೆಸರಿನಲ್ಲಿ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ಆರಂಭಿಸಿ ಬಳಿಕ ಅವಧಿಯನ್ನು ವಿಸ್ತರಿಸಿತು. ಟ್ರಿಯರ್‌ನಿಂದ ಲಕ್ಸೆಂಬರ್ಗಿಗೆ ಹೋಗಿ ಬರುವವರು ಸಂಜೆ ಮನೆಗೆ ಮರಳುವಾಗ ಸಾಲಿನಲ್ಲಿ ನಿಲ್ಲುವಂತಾಯಿತು. ಶೆಂಗೆನ್ ಎಂಬ ದ್ರಾಕ್ಷಿತೋಟಗಳ ಹಳ್ಳಿ ಇರುವುದು ಇದೇ ಗಡಿಯಲ್ಲಿ, ಮೊಸೆಲ್ ನದಿಯ ದಂಡೆಯ ಮೇಲೆ. ಒಪ್ಪಂದಕ್ಕೆ 40 ವರ್ಷ ತುಂಬಿದ 2025ರ ಜೂನ್ 14ರಂದು ಅಲ್ಲಿ ಉತ್ಸವ ನಡೆದಾಗ ಹೊಳೆಯಾಚೆಯ ದೇಶದ ತಪಾಸಣೆಯೂ ಜಾರಿಯಲ್ಲಿತ್ತು. ಅಪರಾಧಿಗಳು ಎಷ್ಟು ಮಂದಿ ಸಿಕ್ಕರೆಂಬ ಲೆಕ್ಕ ಪ್ರಕಟವಾಗುತ್ತದೆ. ದುಡಿಯುವವರ ಎಷ್ಟು ಗಂಟೆಗಳು ಸಾಲಿನಲ್ಲಿ ಕಳೆದುಹೋದವೆಂಬುದನ್ನು ಯಾವ ಸಚಿವಾಲಯವೂ ಪ್ರಕಟಿಸುವುದಿಲ್ಲ.

ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳು ಗಮನಿಸಬೇಕಾದ ಅಂಶವೊಂದಿದೆ. ಈ ಸ್ವತಂತ್ರ ಸಂಚಾರ ಐರೋಪ್ಯ ಪ್ರಜೆಗಳ ಹಕ್ಕೇ ಹೊರತು ಅಲ್ಲಿ ದುಡಿಯುವ ಎಲ್ಲರದಲ್ಲ. ಲಕ್ಸೆಂಬರ್ಗಿನ ಪರವಾನಗಿ ಪಡೆದ ಭಾರತೀಯ ಎಂಜಿನಿಯರ್, ಬಾಡಿಗೆ ದುಬಾರಿಯೆಂದು ಟ್ರಿಯರ್‌ಗೆ ಮನೆ ಬದಲಿಸಿ ಅಲ್ಲಿಂದ ಓಡಾಡುತ್ತೇನೆಂದರೆ ಆಗದು. ಜರ್ಮನಿಯ ವಾಸದ ಅನುಮತಿಯೂ ಲಕ್ಸೆಂಬರ್ಗಿನ ಪ್ರತ್ಯೇಕ ಕೆಲಸದ ಅನುಮತಿಯೂ ಬೇಕು. ಸ್ವಿಟ್ಜರ್ಲೆಂಡಿನಲ್ಲಿ ಗಡಿ ನೌಕರನ ಪರವಾನಗಿ ದೊರೆಯಬೇಕಾದರೆ ನೆರೆಯ ದೇಶದಲ್ಲಿ ಕಾಯಂ ವಾಸದ ಹಕ್ಕೂ, ಗಡಿ ವಲಯದಲ್ಲಿ ಕನಿಷ್ಠ ಆರು ತಿಂಗಳ ವಾಸವೂ ಇರಬೇಕು. 2025ರ ಅಕ್ಟೋಬರ್ 1ರಂದು ಜಾರಿಗೆ ಬಂದ ಭಾರತ ಮತ್ತು ಸ್ವಿಟ್ಜರ್ಲೆಂಡ್ ಸೇರಿದ ನಾಲ್ಕು ರಾಷ್ಟ್ರಗಳ ವಾಣಿಜ್ಯ ಒಪ್ಪಂದದ ನಂತರ ಬಾಸೆಲ್‌ನ ಔಷಧ ಕಂಪನಿಗಳ ಗುತ್ತಿಗೆಗಳತ್ತ ಕಣ್ಣಿಟ್ಟಿರುವವರು ಸಿಬ್ಬಂದಿಯ ವಸತಿ ವೆಚ್ಚವನ್ನು ಅಂದಾಜಿಸುವಾಗ ಗಡಿಯಾಚೆಯ ಅಗ್ಗದ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಕ್ಷೇಮ.

ಮತ್ತೆ ಲೊರೇನಿನ ವಿಷಯ. ಅಲ್ಲಿನ ಸಾರ್ವಜನಿಕ ಆಸ್ಪತ್ರೆಗಳು ಶುಶ್ರೂಷಕಿಯರ ಕೊರತೆಯಿಂದ ಬಳಲುತ್ತಿರುವಾಗ, ಫ್ರಾನ್ಸಿನ ಖರ್ಚಿನಲ್ಲಿ ತರಬೇತಾದವರು ಗಡಿಯಾಚೆ ಹೋಗುವುದನ್ನು ಕಾನೂನಿನಿಂದ ತಡೆಯಲಾಗದು, ತಡೆಯಲೂಬಾರದು. ಹೆಚ್ಚಿನ ಸಂಬಳವನ್ನು ಆಯ್ದುಕೊಂಡ ದಾದಿಯದು ತಪ್ಪಲ್ಲ. ತರಬೇತಿಯ ವೆಚ್ಚವನ್ನಾದರೂ ಎರಡೂ ದೇಶಗಳು ಹಂಚಿಕೊಳ್ಳಬೇಕೆಂಬ ಬೇಡಿಕೆ ಮಾತ್ರ ನ್ಯಾಯಸಮ್ಮತ, ಮತ್ತು ಅದನ್ನು ಮೊದಲು ಎತ್ತಬೇಕಾದವರು ಲಕ್ಸೆಂಬರ್ಗಿನ ಉದ್ಯೋಗದಾತರೇ. ಏಕೆಂದರೆ ನೆರೆಯೂರಿನ ತರಬೇತಿ ಶಾಲೆ ಬಡವಾದರೆ ನಾಳೆ ಖಾಲಿ ಬೀಳುವುದು ಅವರ ಹುದ್ದೆಗಳು. ಎರಡೂ ದೇಶಗಳ ಹಣದಿಂದ ನಡೆಯುವ, ಎರಡೂ ಕಡೆಯ ಆಸ್ಪತ್ರೆಗಳಿಗೆ ನಿಗದಿತ ಪ್ರಮಾಣದಲ್ಲಿ ಸಿಬ್ಬಂದಿ ಒದಗಿಸುವ ಶುಶ್ರೂಷಾ ಶಾಲೆಯೊಂದಕ್ಕೆ ಎಶ್ ಪಟ್ಟಣದ ಬೆಲ್ವಾಲ್‌ಗಿಂತ ಸೂಕ್ತವಾದ ಸ್ಥಳ ಸಿಗಲಾರದು. 1997ರಲ್ಲಿ ಕೊನೆಯ ಊದುಕುಲುಮೆ ಆರಿದ ಆ ಉಕ್ಕಿನ ಕಾರ್ಖಾನೆಯ ಅಂಗಳದಲ್ಲಿ 2015ರಿಂದ ಲಕ್ಸೆಂಬರ್ಗ್ ವಿಶ್ವವಿದ್ಯಾಲಯ ನಡೆಯುತ್ತಿದೆ. ತುಕ್ಕು ಹಿಡಿದ ಕುಲುಮೆಗಳನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಫ್ರಾನ್ಸಿನ ಗಡಿ ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿದೆ.